ಟ್ರ್ಯಾಕ್ಟರಿನ ಗೇರ್ ಎಣ್ಣೆ: ನಾವೇ ಬದಲಿಸಬಹುದು

ನಮ್ಮ ಕಡೆ ಎಣ್ಣೆ ಅಂದರೆ ಮೊದಲು ನೆನಪಾಗುವುದು ಚಳ್ಳಕೆರೆಯ ಶೇಂಗಾ ಎಣ್ಣೆ. ಆಮೇಲೆ ಟ್ರ್ಯಾಕ್ಟರಿನ ಇಂಜಿನ್ ಎಣ್ಣೆ. ಇಂಜಿನ್ ಎಣ್ಣೆಯನ್ನು ಇಷ್ಟು ಗಂಟೆಗೊಮ್ಮೆ ಬದಲಿಸಬೇಕು ಅಂತ ಧರ್ಮಪುರ ಹೋಬಳಿಯ ಯಾವ ಡ್ರೈವರ್ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಆದರೆ ಸೀಟಿನ ಕೆಳಗೆ ಗೇರು, ಡಿಫರೆನ್ಷಿಯಲ್, ಲಿಫ್ಟು ಎಲ್ಲ ಕೂತಿರುವ ಆ ದೊಡ್ಡ ಬೀಡಿನ ಪೆಟ್ಟಿಗೆ ಇದೆಯಲ್ಲ, ಅದರ ಎಣ್ಣೆ ಯಾವಾಗ ಬದಲಿಸಿದ್ದು ಅಂತ ಕೇಳಿ ನೋಡಿ. "ಅದನ್ಯಾಕಣ್ಣ ಬದಲಿಸ್ಬೇಕು? ಅದೇನು ಉರಿದುಹೋಗುತ್ತಾ?" ಅನ್ನುತ್ತಾರೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಪಾಠ ಕಲಿಸಿದ ಇಳಿಜಾರು

2022ರ ಮಳೆ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. 1933ರ ನಂತರ ಮೊದಲ ಸಲ ವಾಣಿ ವಿಲಾಸ ಸಾಗರ ತುಂಬಿ ಕೋಡಿ ಬಿದ್ದ ವರ್ಷ ಅದು. ಬರಕ್ಕೆ ಒಗ್ಗಿದ್ದ ನಮಗೆ ನೀರಲ್ಲಿ ಟ್ರ್ಯಾಕ್ಟರ್ ಹೇಗೆ ನೋಡಿಕೊಳ್ಳಬೇಕು ಅಂತಲೇ ಗೊತ್ತಿರಲಿಲ್ಲ. ಹಳ್ಳ ದಾಟಿಸಲು ಹೋಗಿ ನನ್ನ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಹೂತುಕೊಂಡಿತು. ಇಡೀ ರಾತ್ರಿ ಹಿಂದಿನ ಆಕ್ಸಲ್ ಮುಳುಗುವಷ್ಟು ನೀರಲ್ಲಿ ನಿಂತಿತ್ತು. ಬೆಳಿಗ್ಗೆ ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆಸಿದೆವು. ಸ್ಟಾರ್ಟ್ ಆಯ್ತು. ಅಷ್ಟಕ್ಕೇ ಖುಷಿಪಟ್ಟು ಸುಮ್ಮನಾದೆ. ತಿಂಗಳಾದ ಮೇಲೆ ಯಾಕೋ ಹಿಂದಿನ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು.

ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆ. ಹಳೆಯದನ್ನು ಬಿಟ್ಟು, "ಗೇರಿಗೆ ಗೇರ್ ಆಯಿಲ್ಲೇ ತಾನೆ" ಅಂತ 90 ನಂಬರಿನ ಗಟ್ಟಿ ಎಣ್ಣೆ ಸುರಿದು ಕಳಿಸಿದರು. ನಾನೂ ಪ್ರಶ್ನೆ ಕೇಳಲಿಲ್ಲ. ವಾರ ಕಳೆಯುವುದರೊಳಗೆ ಬ್ರೇಕ್ ಒತ್ತಿದರೆ ಕಿರ್ರ್ ಅಂತ ಚೀರತೊಡಗಿತು. ಬೆಳಗಿನ ಚಳಿಯಲ್ಲಿ ಲಿಫ್ಟ್ ಏಳಲು ಒದ್ದಾಡುತ್ತಿತ್ತು. ಹೊಸ ಎಣ್ಣೆ, ಹೊಂದಿಕೊಳ್ಳುತ್ತೆ ಅಂದುಕೊಂಡೆ.

ಒಂದು ದಿನ ಈರುಳ್ಳಿ ಚೀಲ ತುಂಬಿದ ಟ್ರೈಲರ್ ಕಟ್ಟಿಕೊಂಡು ಕೆರೆ ಏರಿಯಿಂದ ಇಳಿಯುತ್ತಿದ್ದೆ. ಬ್ರೇಕ್ ಒತ್ತಿದೆ. ಚೀರಿತು, ಹಿಡಿಯಲಿಲ್ಲ. ಹಿಂದಿನಿಂದ ಟ್ರೈಲರ್ ತಳ್ಳುತ್ತಿದೆ. ಎದುರಿಗೆ ಕುರಿಮಂದೆ. ಎಡಕ್ಕೆ ಎಳೆದು ಹೊಲದ ಬದುವಿಗೆ ಗುದ್ದಿಸಿ ನಿಲ್ಲಿಸಿದೆ. ಮಡ್‌ಗಾರ್ಡ್ ಮೇಲೆ ನನ್ನ ಮಗ ಕೂತಿದ್ದ. ಯಾರಿಗೂ ಏನೂ ಆಗಲಿಲ್ಲ ಅನ್ನುವುದು ದೊಡ್ಡ ಮಾತು. ಆಮೇಲೆ ಬ್ರೇಕ್ ಬಿಚ್ಚಿಸಿದರೆ ಡಿಸ್ಕ್‌ಗಳ ಲೈನಿಂಗ್ ಉದುರಿತ್ತು. ಒಂದು ತಿಂಗಳು ನೀರು ಬೆರೆತ ಎಣ್ಣೆಯಲ್ಲಿ ಓಡಿಸಿದ್ದು ನನ್ನ ತಪ್ಪು, ಅದರ ಮೇಲೆ ಬೇರೆ ಜಾತಿಯ ಎಣ್ಣೆ ಬಿತ್ತು. ಅವತ್ತಿನಿಂದ ಎರಡು ನಿಯಮ ಮಾಡಿಕೊಂಡೆ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸುವುದಿಲ್ಲ. ಆ ಪೆಟ್ಟಿಗೆಯ ಎಣ್ಣೆಯನ್ನು ಪುಸ್ತಕ ನೋಡಿಕೊಂಡು ನಾನೇ ಬದಲಿಸುತ್ತೇನೆ.

ಒಂದೇ ಎಣ್ಣೆ, ನಾಲ್ಕು ಕೆಲಸ

ಈಗಿನ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಗ್ಯಾರೇಜಿನವರು ಇದನ್ನು 'ಆಯಿಲ್ ಬ್ರೇಕ್' ಅನ್ನುತ್ತಾರೆ. ಇಂಥ ಟ್ರ್ಯಾಕ್ಟರಿನ ಹಿಂದಿನ ಪೆಟ್ಟಿಗೆಯ ಎಣ್ಣೆ ಗೇರಿನ ಹಲ್ಲುಗಳು ಸವೆಯದಂತೆ ಕಾಯಬೇಕು. ಹೈಡ್ರಾಲಿಕ್ ಪಂಪಿಗೆ ಸಿಕ್ಕಿ ಲಿಫ್ಟ್ ಎತ್ತಬೇಕು. ಬ್ರೇಕ್ ಡಿಸ್ಕಿನ ಬಿಸಿ ಹೀರಿಕೊಳ್ಳಬೇಕು. ಇಷ್ಟೆಲ್ಲ ಮಾಡಿಯೂ ಬ್ರೇಕ್ ಒತ್ತಿದಾಗ ಡಿಸ್ಕುಗಳು ಜಾರದೆ, ಚೀರದೆ ಹಿಡಿಯುವಂತೆ ಬಿಡಬೇಕು.

ಕೊನೆಯ ಕೆಲಸವೇ ಕಷ್ಟದ್ದು. ಎಣ್ಣೆಯ ಗುಣ ಜಾರಿಸುವುದು, ಬ್ರೇಕಿನ ಗುಣ ಹಿಡಿಯುವುದು. ಎರಡನ್ನೂ ಹೊಂದಿಸಲು ಎಣ್ಣೆಯಲ್ಲಿ ಬೇರೆ ರಾಸಾಯನಿಕಗಳನ್ನು ಅಳತೆಮಾಡಿ ಬೆರೆಸಿರುತ್ತಾರೆ. ಈ ನಾಲ್ಕೂ ಕೆಲಸಕ್ಕಾಗುವ ಎಣ್ಣೆಗೆ ಅಂಗಡಿಯಲ್ಲಿ ಯು.ಟಿ.ಟಿ.ಒ. ಅನ್ನುತ್ತಾರೆ. ಡಬ್ಬದ ಮೇಲೆ 'ವೆಟ್ ಬ್ರೇಕ್' ಅಂತಲೂ ಬರೆದಿರುತ್ತದೆ. ನನಗೆ ಹಾಕಿಕೊಟ್ಟ 90 ನಂಬರಿನ ಎಣ್ಣೆ ಕೆಟ್ಟದ್ದೇನಲ್ಲ, ಲಾರಿಯ ಡಿಫರೆನ್ಷಿಯಲ್‌ಗೆ ಒಳ್ಳೆಯದೇ. ಆದರೆ ಎಣ್ಣೆಯಲ್ಲಿ ಮುಳುಗಿದ ಬ್ರೇಕಿಗೆ ಅಲ್ಲ. ಚಳಿಯಲ್ಲಿ ಗಟ್ಟಿಯಾಗಿ ಪಂಪಿಗೂ ಸಲೀಸಾಗಿ ಎಳೆಯಲು ಸಿಗುವುದಿಲ್ಲ. ಲಿಫ್ಟ್ ಒದ್ದಾಡಿದ್ದು ಅದಕ್ಕೇ.

ಹಾಗಂತ ಎಲ್ಲ ಟ್ರ್ಯಾಕ್ಟರಿಗೂ ಯು.ಟಿ.ಟಿ.ಒ. ಸುರಿಯಿರಿ ಅಂತಲ್ಲ. ಒಣ ಬ್ರೇಕಿನ ಹಳೆಯ ಮಾದರಿಗಳಲ್ಲಿ ಪುಸ್ತಕವೇ 90 ಎಣ್ಣೆ ಹೇಳಿರಬಹುದು. ಕೆಲವದರಲ್ಲಿ ಗೇರಿಗೊಂದು, ಲಿಫ್ಟಿಗೊಂದು ಬೇರೆ ಬೇರೆ ಕೋಣೆ ಇರುತ್ತದೆ. ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲಿ ಎಣ್ಣೆಯ ಜಾತಿ, ಎಷ್ಟು ಲೀಟರು, ಎಷ್ಟು ಗಂಟೆಗೊಮ್ಮೆ ಅಂತ ಒಂದು ಪಟ್ಟಿ ಇರುತ್ತದೆ. ಆ ಒಂದು ಪುಟ ಓದಿದರೆ ಸಾಕು. ಪುಸ್ತಕ ಕಳೆದಿದ್ದರೆ ಅದೇ ಮಾದರಿ ಇರುವ ನೆರೆಯವರದ್ದನ್ನು ನೋಡಿ ಬರೆದುಕೊಳ್ಳಿ. ನಾನು ಅದನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಗೇ ಪೇಂಟಿನಲ್ಲಿ ಬರೆದಿಟ್ಟಿದ್ದೇನೆ.

ಕೆಂಪು ಎಣ್ಣೆಯ ಕತೆ

ಪವರ್ ಸ್ಟೀರಿಂಗ್ ಇರುವ ಹಲವು ಟ್ರ್ಯಾಕ್ಟರುಗಳಲ್ಲಿ ಮುಂದೆ ಒಂದು ಚಿಕ್ಕ ಡಬ್ಬದಲ್ಲಿ ಕುಂಕುಮದಂಥ ಕೆಂಪು ಎಣ್ಣೆ ಇರುತ್ತದೆ. ಇದಕ್ಕೆ ಎ.ಟಿ.ಎಫ್. ಅನ್ನುತ್ತಾರೆ. ಅಂದರೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್. ನಮ್ಮ ಟ್ರ್ಯಾಕ್ಟರಿನಲ್ಲಿ ಆಟೋಮ್ಯಾಟಿಕ್ ಗೇರ್ ಎಲ್ಲಿಂದ ಬಂತು ಅಂತ ನಾನೂ ತಲೆ ಕೆರೆದುಕೊಂಡಿದ್ದೆ. ಇದು ಹುಟ್ಟಿದ್ದು ಕಾರಿಗಾಗಿ. ಕ್ಲಚ್ ತುಳಿಯದೆ ತಾನೇ ಗೇರ್ ಬದಲಿಸಿಕೊಳ್ಳುವ ಪೆಟ್ಟಿಗೆಯನ್ನು ಜನರಲ್ ಮೋಟಾರ್ಸ್‌ನವರು 1939ರಲ್ಲಿ ಮಾರುಕಟ್ಟೆಗೆ ತಂದರು. ಅದಕ್ಕೆ ಬೇಕಾದ ಎಣ್ಣೆಗೆ 1949ರಲ್ಲಿ 'ಟೈಪ್ ಎ' ಅಂತ ಒಂದು ಅಳತೆ ಗೊತ್ತುಮಾಡಿದರು. ಇಂಜಿನ್ ಎಣ್ಣೆಯ ಜೊತೆ ಕಲಸಿಹೋಗದಿರಲಿ, ಸೋರಿದರೆ ಯಾವುದು ಅಂತ ಗೊತ್ತಾಗಲಿ ಅಂತ ಕೆಂಪು ಬಣ್ಣ ಹಾಕಿದರು. ತೆಳ್ಳಗೆ ಇರುವುದರಿಂದ, ನೊರೆ ಕಟ್ಟದಿರುವುದರಿಂದ ಪವರ್ ಸ್ಟೀರಿಂಗಿಗೂ ಅದನ್ನೇ ಬಳಸಿಕೊಂಡರು.

ಅಂಥ ಕಾರಿನ ಗೇರ್ ಪೆಟ್ಟಿಗೆಯೊಳಗೂ ನಮ್ಮ ಬ್ರೇಕಿನ ಹಾಗೆಯೇ ಎಣ್ಣೆಯಲ್ಲಿ ಮುಳುಗಿದ ಪ್ಲೇಟುಗಳು ಒಂದನ್ನೊಂದು ಹಿಡಿಯುತ್ತವೆ. ಹದವಾಗಿ ಹಿಡಿಯಲಿ ಅಂತ ಹಿಂದೆ ಅದರಲ್ಲಿ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಮೊದಲಲ್ಲಿ ಅಮೆರಿಕದವರು ತಿಮಿಂಗಿಲದ ಎಣ್ಣೆಗೆ ನಿಷೇಧ ಹಾಕಿದಾಗ ಬದಲಿ ರಾಸಾಯನಿಕ ಹುಡುಕಲು ಕಂಪನಿಗಳು ಒದ್ದಾಡಬೇಕಾಯಿತು. ಎಣ್ಣೆಯೊಳಗಿನ ಸ್ವಲ್ಪ ಬೆರಕೆಯೇ ಹಿಡಿತವನ್ನು ಕಾಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. "ಎಣ್ಣೆ ಎಣ್ಣೆಯೇ ಬಿಡಿ" ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

ಒಂದು ಎಚ್ಚರಿಕೆ. ಕೆಂಪಾಗಿರುವುದೆಲ್ಲ ಒಂದೇ ಎಣ್ಣೆ ಅಲ್ಲ. ಕೆಲವು ಟ್ರ್ಯಾಕ್ಟರಿನ ಸ್ಟೀರಿಂಗಿಗೆ ಬೇರೆ ಹೈಡ್ರಾಲಿಕ್ ಎಣ್ಣೆ ಹೇಳಿರುತ್ತಾರೆ. ಕೆಲವದಕ್ಕೆ ಬೇರೆ ಡಬ್ಬವೇ ಇಲ್ಲ, ಹಿಂದಿನ ಪೆಟ್ಟಿಗೆಯ ಎಣ್ಣೆಯೇ ಸ್ಟೀರಿಂಗಿಗೂ ಹೋಗುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಡಬ್ಬದ ಮೇಲಿನ ಹೆಸರು ಪುಸ್ತಕದ ಹೆಸರಿಗೆ ಹೊಂದುತ್ತದೆಯೇ ನೋಡಿ.

ಯಾವಾಗ ಬದಲಿಸಬೇಕು?

ಹಲವು ಮಾದರಿಗಳಲ್ಲಿ ಹಿಂದಿನ ಪೆಟ್ಟಿಗೆಗೆ ಸುಮಾರು 1000 ಗಂಟೆಗೊಮ್ಮೆ ಅಂತ ಇರುತ್ತದೆ, ಹೊಸ ಟ್ರ್ಯಾಕ್ಟರಿಗೆ ಮೊದಲ ಸಲ ಬೇಗ. ನಿಮ್ಮ ಪುಸ್ತಕದ ಮಾತೇ ಕೊನೆಯ ಮಾತು. ಗಂಟೆಯ ಮೀಟರ್ ಕೆಟ್ಟಿದ್ದರೆ ದಿನಕ್ಕೆ ಎಷ್ಟು ಓಡಿತು ಅಂತ ಒಂದು ಕ್ಯಾಲೆಂಡರಿನಲ್ಲಿ ಬರೆಯುತ್ತಾ ಹೋದರೂ ಆಯ್ತು.

ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಗಂಟೆ ಲೆಕ್ಕ ಬೇಡ, ತಕ್ಷಣ ಬದಲಿಸಿ. ಅನುಮಾನವಿದ್ದರೆ ಒಂದು ಪರೀಕ್ಷೆ ಇದೆ. ಹಳೆಯ ತಗಡನ್ನು ಒಲೆಯ ಮೇಲೆ ಬಿಸಿ ಮಾಡಿ ಕೆಳಗಿಳಿಸಿ. ದೂರ ನಿಂತು ಒಂದೇ ಹನಿ ಎಣ್ಣೆ ಬಿಡಿ. ಒಗ್ಗರಣೆ ಹಾಗೆ ಚಟಪಟ ಅಂದರೆ ನೀರು ಇದೆ. ಸುಮ್ಮನೆ ಹರಡಿ ಹೊಗೆಯಾಡಿದರೆ ನೀರಿಲ್ಲ.

ನೀರು ಹೋಗುವ ದಾರಿ ಹಳ್ಳ ಒಂದೇ ಅಲ್ಲ. ಗೇರ್ ಲಿವರಿನ ರಬ್ಬರ್ ಹರಿದಿದ್ದರೆ ಮಳೆ ನೀರು ಅಲ್ಲಿಂದಲೇ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ ಗಾಳಿ ಆಡಲು 'ಬ್ರೀದರ್' ಅಂತ ಒಂದು ಚಿಕ್ಕ ಟೋಪಿ ಇರುತ್ತದೆ. ನಮ್ಮ ಕಡೆಯ ಕೆಂಪು ಧೂಳಿಗೆ ಅದು ಕಟ್ಟಿಕೊಂಡರೆ ಒಳಗಿನ ಬಿಸಿ ಗಾಳಿ ಹೊರಬರದೆ ಆಯಿಲ್ ಸೀಲುಗಳಲ್ಲಿ ಎಣ್ಣೆ ಒತ್ತುತ್ತದೆ. ಟ್ರ್ಯಾಕ್ಟರ್ ತಣ್ಣಗಾಗುವಾಗ ಅದೇ ಸೀಲುಗಳಿಂದ ಧೂಳು, ನೀರು ಒಳಗೆಳೆದುಕೊಳ್ಳುತ್ತದೆ.

ಬೇಕಾಗುವ ಸಾಮಾನು

ಪುಸ್ತಕ ಹೇಳಿದಷ್ಟು ಎಣ್ಣೆ, ಜೊತೆಗೆ ಒಂದೆರಡು ಲೀಟರ್ ಹೆಚ್ಚು. ಹೈಡ್ರಾಲಿಕ್ ಫಿಲ್ಟರ್. ಡ್ರೈನ್ ಬೋಲ್ಟಿನ ಹೊಸ ತಾಮ್ರದ ವಾಷರ್‌ಗಳು. ಬೋಲ್ಟಿಗೆ ಸರಿಯಾಗಿ ಕೂರುವ ಸ್ಪ್ಯಾನರ್. ಅಗಲ ಬಾಯಿಯ ಬಾಂಡ್ಲಿ, ಹಳೆ ಎಣ್ಣೆಗೆ ಮುಚ್ಚಳವಿರುವ ಕ್ಯಾನ್‌ಗಳು. ಸಣ್ಣ ಜಾಲರಿ ಇರುವ ಆಲಿಕೆ. ನೂಲು ಬಿಡದ ಬಟ್ಟೆ. ಕೈಗೆ ರಬ್ಬರ್ ಗವಸು. ಇಷ್ಟಿದ್ದರೆ ಅರ್ಧ ದಿನದ ಕೆಲಸ. ಟ್ರ್ಯಾಕ್ಟರ್ ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ಕಂಪನಿಯ ಸರ್ವಿಸ್‌ನಲ್ಲೇ ಮಾಡಿಸಿ ಚೀಟಿ ಇಟ್ಟುಕೊಳ್ಳಿ.

ಬದಲಿಸುವ ಕ್ರಮ

1. ಟ್ರ್ಯಾಕ್ಟರನ್ನು ಹದಿನೈದಿಪ್ಪತ್ತು ನಿಮಿಷ ಓಡಿಸಿ, ಲಿಫ್ಟ್ ನಾಲ್ಕಾರು ಸಲ ಎತ್ತಿ ಇಳಿಸಿ. ಎಣ್ಣೆ ಬೆಚ್ಚಗಾದರೆ ತಳದ ಕೊಳೆಯೂ ಕಲಕಿ ಜೊತೆಗೆ ಬರುತ್ತದೆ. ಕೈ ಸುಡುವಷ್ಟು ಬಿಸಿ ಬೇಡ.

2. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಕಲ್ಟಿವೇಟರ್, ರೋಟವೇಟರ್ ಏನಿದ್ದರೂ ಕಳಚಿ. ಲಿಫ್ಟಿನ ತೋಳುಗಳನ್ನು ಪೂರ್ತಿ ಕೆಳಗಿಳಿಸಿ. ಎತ್ತಿದ್ದರೆ ಅದರ ಸಿಲಿಂಡರಿನಲ್ಲಿ ಎಣ್ಣೆ ಉಳಿದುಬಿಡುತ್ತದೆ. ಇಂಜಿನ್ ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಳ್ಳಿ.

3. ಈಗ ಮುಖ್ಯವಾದ ಮಾತು. ಕೆಳಗಿನ ಬೋಲ್ಟಿಗೆ ಕೈ ಹಾಕುವ ಮೊದಲು ಮೇಲಿನ ಎಣ್ಣೆ ಸುರಿಯುವ ಮುಚ್ಚಳ ತೆಗೆದು ನೋಡಿ. ಕೆಲವು ಸಲ ಅದು ತುಕ್ಕು ಹಿಡಿದು ಕೂತಿರುತ್ತದೆ. ಎಣ್ಣೆಯೆಲ್ಲ ಬಿಟ್ಟ ಮೇಲೆ ಅದು ಬಿಚ್ಚದಿದ್ದರೆ ಟ್ರ್ಯಾಕ್ಟರ್ ನಿಂತಲ್ಲೇ ನಿಲ್ಲಬೇಕು. ತೆಗೆಯುವ ಮೊದಲು ಸುತ್ತಲಿನ ಧೂಳನ್ನು ಬ್ರಷ್ಷಿನಿಂದ ಪೂರ್ತಿ ಒರೆಸಿ.

4. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ. ಬಹಳ ಮಾದರಿಗಳಲ್ಲಿ ಎರಡು ಮೂರು ಬೋಲ್ಟ್ ಇರುತ್ತವೆ, ಗೇರಿನ ಕೆಳಗೊಂದು, ಡಿಫರೆನ್ಷಿಯಲ್ ಕೆಳಗೊಂದು. ಎಲ್ಲವನ್ನೂ ಬಿಚ್ಚಿ. ಗಡಿಬಿಡಿ ಬೇಡ, ಹನಿ ನಿಲ್ಲುವ ತನಕ ಬಿಡಿ. ಬಂದ ಎಣ್ಣೆಯನ್ನು ಅಳೆಯಿರಿ. ಪುಸ್ತಕದ ಅಳತೆಗಿಂತ ಬಹಳ ಕಡಿಮೆ ಬಂದರೆ ಎಲ್ಲೋ ಸೋರಿದೆ, ಇಲ್ಲವೇ ಒಂದು ಬೋಲ್ಟ್ ಮರೆತಿದ್ದೀರಿ. ಹೆಚ್ಚು ಬಂದರೆ ನೀರು ಸೇರಿದೆ, ಇಲ್ಲವೇ ಯಾರೋ ಹೆಚ್ಚು ಸುರಿದಿದ್ದಾರೆ.

5. ಫಿಲ್ಟರ್ ಕಾಗದದ್ದಾದರೆ ಹೊಸದು ಹಾಕಿ, ಅದನ್ನು ತೊಳೆದು ಮತ್ತೆ ಹಾಕುವಂತಿಲ್ಲ. ತಂತಿ ಜಾಲರಿಯದಾದರೆ ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ. ತಿರುಗಿಸಿ ಕೂರಿಸುವ ಫಿಲ್ಟರಿನ ರಬ್ಬರಿಗೆ ಹೊಸ ಎಣ್ಣೆ ಸವರಿ ಕೈಯಲ್ಲೇ ಬಿಗಿ ಮಾಡಿ.

6. ಡ್ರೈನ್ ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ ಬಿಗಿ ಮಾಡಿ. ಪೈಪ್ ಸಿಕ್ಕಿಸಿ ಮೈಮೇಲೆ ಬಿದ್ದು ತಿರುಗಿಸಬೇಡಿ. ಪೆಟ್ಟಿಗೆ ಬೀಡಿನದು, ಮರೆ ಹಾರಿದರೆ ಇಲ್ಲವೇ ಸೀಳು ಬಿಟ್ಟರೆ ಎಣ್ಣೆಯ ಖರ್ಚಿನ ಹತ್ತು ಪಟ್ಟು ದಂಡ.

7. ಹೊಸ ಎಣ್ಣೆಯನ್ನು ಜಾಲರಿ ಆಲಿಕೆಯಲ್ಲಿ ನಿಧಾನವಾಗಿ ಹಾಕಿ. ಮುಕ್ಕಾಲು ಭಾಗ ಹಾಕಿ ಹತ್ತು ನಿಮಿಷ ಕಾಯಿರಿ, ಕೋಣೆಯಿಂದ ಕೋಣೆಗೆ ಇಳಿಯಲು ಹೊತ್ತು ಬೇಕು. ಆಮೇಲೆ ಡಿಪ್‌ಸ್ಟಿಕ್ ನೋಡುತ್ತಾ ಮೇಲಿನ ಗೆರೆಗೆ ಸ್ವಲ್ಪ ಕೆಳಗಿನ ತನಕ ಹಾಕಿ.

8. ಸ್ಟಾರ್ಟ್ ಮಾಡಿ ಐದು ನಿಮಿಷ ಮೆಲ್ಲಗೆ ಓಡಲಿ. ಲಿಫ್ಟ್ ಎಂಟು ಹತ್ತು ಸಲ ಎತ್ತಿ ಇಳಿಸಿ. ನಿಲ್ಲಿಸಿ, ತೋಳು ಕೆಳಗಿರುವಾಗಲೇ ಇನ್ನೊಮ್ಮೆ ಮಟ್ಟ ನೋಡಿ. ಕಡಿಮೆಯಾಗಿದ್ದರೆ ಗೆರೆಯ ತನಕ ತುಂಬಿ. ಗೆರೆ ಮೀರಬೇಡಿ. ಹೆಚ್ಚಾದರೆ ಗೇರುಗಳು ಕಡೆದು ನೊರೆ ಎಬ್ಬಿಸುತ್ತವೆ, ನೊರೆ ಬಂದರೆ ಲಿಫ್ಟ್ ನಡುಗುತ್ತದೆ.

9. ಬೋಲ್ಟುಗಳ ಸುತ್ತ ಹನಿ ಇದೆಯೇ ನೋಡಿ. ಟ್ರೈಲರ್ ಕಟ್ಟದೆ, ಸಮತಟ್ಟಿನಲ್ಲಿ, ಮೆಲ್ಲಗೆ ಓಡಿಸಿ ಎರಡೂ ಬ್ರೇಕ್ ಪರೀಕ್ಷಿಸಿ. ಆಮೇಲೆಯೇ ರಸ್ತೆಗೆ.

ನೀರು ಸೇರಿದ್ದರೆ ಒಂದು ಸಲ ಬಿಟ್ಟರೆ ಸಾಲದು. ಆಕ್ಸಲ್ ಕೊಳವೆಗಳಲ್ಲಿ, ಪೈಪುಗಳಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಅದೇ ಜಾತಿಯ ಎಣ್ಣೆ ಹಾಕಿ ಒಂದೆರಡು ಗಂಟೆ ಹಗುರ ಕೆಲಸ ಮಾಡಿಸಿ, ಬಿಟ್ಟು, ಮತ್ತೆ ಹೊಸದು ಹಾಕಬೇಕು. ದುಬಾರಿ ಅನ್ನಿಸುತ್ತದೆ ನಿಜ. ಕೆಲವರು ಉಳಿತಾಯಕ್ಕೆ ಡೀಸೆಲ್, ಸೀಮೆಎಣ್ಣೆ ಹಾಕಿ ತೊಳೆಯುತ್ತಾರೆ. ಅದು ಮೂಲೆಯಲ್ಲಿ ಉಳಿದು ಹೊಸ ಎಣ್ಣೆಯನ್ನು ತೆಳುಮಾಡುತ್ತದೆ. ಬೇಡ.

ಹಳೆ ಎಣ್ಣೆ ಹೇಳುವ ಮಾತು

ಬಿಟ್ಟ ಎಣ್ಣೆಯನ್ನು ಚೆಲ್ಲುವ ಆತುರ ಬೇಡ. ಡಾಕ್ಟರು ರಕ್ತ ನೋಡಿದ ಹಾಗೆ ಅದನ್ನು ನೋಡಬೇಕು. ಹಲವು ಡ್ರೈನ್ ಬೋಲ್ಟುಗಳ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದಿ ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಸಹಜ ಸವೆತ, ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಗೇರು ಇಲ್ಲವೇ ಬೇರಿಂಗ್ ಒಡೆಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸಲೇಬೇಕು. ಹಿತ್ತಾಳೆ ಬಣ್ಣದ ಮಿನುಗು ಕಂಡರೆ ಬುಷ್, ವಾಷರ್ ಸವೆಯುತ್ತಿವೆ. ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಬೇಕು. ಕಪ್ಪು ನಾರಿನಂಥ ಚೂರು ಬಂದರೆ ಬ್ರೇಕ್ ಲೈನಿಂಗ್. ಗ್ಯಾರೇಜಿನಲ್ಲಿ ನನ್ನ ಎಣ್ಣೆ ಬಿಡುವಾಗ ಅಲ್ಲೇ ನಿಂತು ಇದನ್ನು ನೋಡಿದ್ದರೆ ಏರಿಯ ಇಳಿಜಾರಿನ ತನಕ ಹೋಗುತ್ತಿರಲಿಲ್ಲ. ನಾನು ಆಗ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದೆ.

ಕೆಂಪು ಎಣ್ಣೆ ಬದಲಿಸುವುದು

ಸ್ಟೀರಿಂಗ್ ಡಬ್ಬದ ಎಣ್ಣೆ ಕಪ್ಪಾಗಿದ್ದರೆ, ಸುಟ್ಟ ವಾಸನೆ ಇದ್ದರೆ ಅದನ್ನೂ ಬದಲಿಸಬಹುದು. ಮುಂದಿನ ಆಕ್ಸಲ್ ಎತ್ತಿ ಗಟ್ಟಿ ಮರದ ದಿಮ್ಮಿ ಕೊಡಿ, ಬರೀ ಜಾಕ್ ನಂಬಬೇಡಿ. ಡಬ್ಬಕ್ಕೆ ಎಣ್ಣೆ ವಾಪಸ್ ಬರುವ ಪೈಪ್ ಕಳಚಿ ಕ್ಯಾನಿಗೆ ಬಿಡಿ. ಇಂಜಿನ್ ನಿಂತಿರುವಾಗಲೇ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿದರೆ ಬಹುಪಾಲು ಹೊರಬರುತ್ತದೆ. ಎಣ್ಣೆ ಇಲ್ಲದೆ ಇಂಜಿನ್ ಓಡಿಸಿದರೆ ಪಂಪ್ ಹೋಗುತ್ತದೆ, ನೆನಪಿರಲಿ. ಪೈಪ್ ಕೂರಿಸಿ, ಹೊಸದು ತುಂಬಿ, ಸ್ಟಾರ್ಟ್ ಮಾಡಿ ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ. ಡಬ್ಬದಲ್ಲಿ ಗುಳ್ಳೆ ಏಳುವುದು ನಿಂತರೆ ಗಾಳಿ ಹೋಯಿತು. ಮತ್ತೆ ಮಟ್ಟ ನೋಡಿ.

ಬೆಂಗಳೂರಿನಲ್ಲಿರುವ ಮಕ್ಕಳು ಹಬ್ಬಕ್ಕೆ ಆಟೋಮ್ಯಾಟಿಕ್ ಕಾರು ತರುತ್ತಾರಲ್ಲ, ಅದರ ಎಣ್ಣೆಗೆ ಇದೇ ಧೈರ್ಯದಲ್ಲಿ ಕೈ ಹಾಕಬೇಡಿ. ಹಲವು ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಎಣ್ಣೆ ಇಂತಿಷ್ಟೇ ಬಿಸಿಯಿರುವಾಗ, ಇಂಜಿನ್ ಓಡುತ್ತಿರುವಾಗ ಮಟ್ಟ ನೋಡಬೇಕು. ಅದಕ್ಕೆ ಬೇರೆ ಸಲಕರಣೆ ಬೇಕು.

ಬಿಟ್ಟ ಎಣ್ಣೆ ಎಲ್ಲಿಗೆ?

ಗೆದ್ದಲು ಹತ್ತದಿರಲಿ ಅಂತ ಬೇಲಿಗೂಟಕ್ಕೆ ಬಳಿಯುವುದು, ಧೂಳಿಗೆ ಅಂತ ಅಂಗಳಕ್ಕೆ ಚೆಲ್ಲುವುದು, ದನದ ಗಾಯಕ್ಕೆ ಹಚ್ಚುವುದು ನಮ್ಮಲ್ಲಿ ರೂಢಿ. ಮೂರೂ ಬೇಡ. ಅದರಲ್ಲಿ ಲೋಹದ ಪುಡಿ, ರಾಸಾಯನಿಕ ಇರುತ್ತವೆ. ನೂರಾರು ಅಡಿ ಕೊರೆಸಿ ನೀರು ಹುಡುಕುವ ನಾವೇ ಮೇಲಿಂದ ಎಣ್ಣೆ ಇಳಿಸಿದರೆ ಹೇಗೆ? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು, ಮರುಬಳಕೆಗೆ ಒಯ್ಯುವವರಿಗೆ ಒಪ್ಪಿಸುವ ಸರ್ವಿಸ್ ಸೆಂಟರಿಗೆ ಕೊಡಿ. ನಮ್ಮ ಊರಿನ ನಾಲ್ಕು ಟ್ರ್ಯಾಕ್ಟರಿನವರು ಸೇರಿ ಒಂದು ಬ್ಯಾರಲ್ ಇಟ್ಟಿದ್ದೇವೆ. ತುಂಬಿದಾಗ ಒಂದೇ ಸಲ ಒಯ್ದು ಕೊಟ್ಟು ಬರುತ್ತೇವೆ.

ಈ ಕೆಲಸದಲ್ಲಿ ಉಳಿಯುವುದು ಗ್ಯಾರೇಜಿನ ಕೂಲಿ, ಒಂದು ದಿನದ ಓಡಾಟ. ಅದಕ್ಕಿಂತ ದೊಡ್ಡ ಲಾಭವೆಂದರೆ ಒಳಗೆ ಯಾವ ಎಣ್ಣೆ ಇದೆ, ಎಂದು ಹಾಕಿದ್ದು, ಹಳೆಯದರಲ್ಲಿ ಏನು ಕಂಡಿತು ಅನ್ನುವುದು ನಮಗೇ ಗೊತ್ತಿರುತ್ತದೆ. ಗ್ಯಾರೇಜಿನಲ್ಲೇ ಮಾಡಿಸುವವರೂ ಪುಸ್ತಕದ ಆ ಪುಟ ಜೇಬಿನಲ್ಲಿಟ್ಟುಕೊಂಡು ಹೋಗಿ. ಡಬ್ಬದ ಮೇಲಿನ ಹೆಸರು ಓದಿ, ಎಣ್ಣೆ ಬಿಡುವಾಗ ಪಕ್ಕದಲ್ಲೇ ನಿಂತಿರಿ. ಟೀ ಆಮೇಲೆ ಕುಡಿದರಾಯ್ತು.